ಸೋಸದ ಸುದ್ದಿ

ಜೈನರ ಮನೆಗಳಲ್ಲಿ ನೀರು ಸೋಸುವುದು ಚಿಕ್ಕ ಮಕ್ಕಳಿಗೂ ತಿಳಿದಿರುವ ಕ್ರಿಯೆ. ಕೊಡದ ಬಾಯಿಗೆ ಒತ್ತಾದ ನೇಯ್ಗೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಸಬೇಕು. ಸೇದಿದ ನೀರನ್ನು ಅದರ ಮೂಲಕ ಇಳಿಸಬೇಕು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು, ಯಾವ ಬಾವಿಯಿಂದ ನೀರು ಬಂದಿತೋ ಅದೇ ಬಾವಿಗೆ ಜೋಪಾನವಾಗಿ ಮರಳಿ ಬಿಡಬೇಕು. ಊರಿಗೆ ನಳದ ನೀರು ಬಂದ ಮೇಲೆ ಸೇದುವ ಶ್ರಮ ತಪ್ಪಿತು. ಸೋಸುವ ಶ್ರಮ ತಪ್ಪಲಿಲ್ಲ. ಸುಲಭವಾಗಿ ಬಂದ ನೀರು ಸುಲಭವಾಗಿ ಬಂದ ಕಾರಣಕ್ಕೇ ಶುದ್ಧವೆಂದು ಯಾವ ಶ್ರಾವಿಕೆಯೂ ಭಾವಿಸಲಿಲ್ಲ. ಆದರೆ ಸುದ್ದಿಯ ವಿಷಯದಲ್ಲಿ ಕಳೆದ ಮೂರು ದಶಕಗಳಿಂದ ಲೋಕವೆಲ್ಲ ಹಾಗೆಯೇ ಭಾವಿಸುತ್ತ ಬಂದಿದೆ.

ಸುದ್ದಿಯಲ್ಲಿಯೂ ಎರಡು ಕೆಲಸಗಳಿವೆ: ಒಯ್ಯುವುದು ಮತ್ತು ಸೋಸುವುದು. ಪತ್ರಿಕೆಯು ಇವೆರಡನ್ನೂ ಕೂಡಿಸಿ ಒಂದೇ ಬೆಲೆಗೆ ಮಾಡಿಕೊಡುತ್ತಿತ್ತು. ಓದುಗನಿಗೆ ಕಣ್ಣಿಗೆ ಕಾಣುತ್ತಿದ್ದುದು ಒಯ್ಯುವ ಕೆಲಸ ಮಾತ್ರ: ಕಾಗದ, ಮಸಿ, ವಾಹನ, ಮನೆಬಾಗಿಲಿಗೆ ಹಾಕುವ ಹುಡುಗ. ತಾನು ಕೊಡುತ್ತಿರುವ ಹಣವು ಇವುಗಳಿಗೇ ಎಂದು ಅವನು ತಿಳಿದಿದ್ದ. ಅಂತರಜಾಲವು ಒಯ್ಯುವ ಕೆಲಸವನ್ನು ಬಹುಮಟ್ಟಿಗೆ ಪುಕ್ಕಟೆ ಮಾಡಿತು. ಆಗ ಅವನು ಸಹಜವಾಗಿಯೇ ಸುದ್ದಿಗೆ ಬೆಲೆಯಿಲ್ಲವೆಂದು ತೀರ್ಮಾನಿಸಿದ. ಸೋಸುವ ಕೆಲಸಕ್ಕೆ ತಗಲುತ್ತಿದ್ದ ಖರ್ಚು ಮಾತ್ರ ಎಲ್ಲಿಯೂ ಕಡಿಮೆಯಾಗಲಿಲ್ಲ. ಆ ಖರ್ಚನ್ನು ಈಗ ಯಾರು ಭರಿಸಬೇಕು? ಯಾರೂ ಭರಿಸದಿದ್ದರೆ ಅದು ಯಾರ ಲೆಕ್ಕಕ್ಕೆ ಬೀಳುತ್ತದೆ? ಪತ್ರಿಕೋದ್ಯಮದ ಇಂದಿನ ಸಂಕಟವನ್ನು ಕೇವಲ ಒಂದು ಉದ್ಯಮದ ಲಾಭನಷ್ಟವೆಂದು ನೋಡುವವರು ಈ ಪ್ರಶ್ನೆಯನ್ನು ಕೇಳುವುದಿಲ್ಲ. ವ್ರತವುಳ್ಳ ಗೃಹಸ್ಥನು ಕೇಳಲೇಬೇಕು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಹಳೆಯ ತಾಲ್ಲೂಕುಗಳನ್ನೇ ತೆಗೆದುಕೊಂಡು ನೋಡಬಹುದು. ಇಲ್ಲಿ ಪತ್ರಿಕೆಯ ಬೆಲೆ ತಿಳಿದ ಜನರಿದ್ದರು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು; 1926ರಲ್ಲಿ ‘ಶಿವಾನುಭವ’, ಮರುವರ್ಷ ‘ನವಕರ್ನಾಟಕ’ ಪತ್ರಿಕೆಗಳನ್ನು ಹೊರಡಿಸಿದರು. ಮುದ್ರಣಾಲಯಕ್ಕಾಗಿ ಅವರು ಇದ್ದ ಮನೆಯನ್ನೇ ಮಾರಿದರೆಂಬುದು ಜಿಲ್ಲೆಯ ಜನ ಇಂದಿಗೂ ಹೇಳುವ ಮಾತು. ಅದೇ ಊರಿನ ‘ಕರ್ನಾಟಕ ವೈಭವ’ವನ್ನು ನಡೆಸಿದ ಮೊಹರೆ ಹಣಮಂತರಾಯರು ಮುಂದೆ ‘ಸಂಯುಕ್ತ ಕರ್ನಾಟಕ’ದ ಸಂಪಾದಕರಾದರು, ರಾಜ್ಯ ಸರ್ಕಾರದ ಒಂದು ಪತ್ರಿಕಾ ಪ್ರಶಸ್ತಿಗೆ ಅವರ ಹೆಸರೇ ಇದೆ. ಒಂದು ತಾಳೆಗರಿಯ ಪಾಠವನ್ನು ಇನ್ನೊಂದರೊಡನೆ ಹೋಲಿಸಿ ವಚನಗಳನ್ನು ಅಚ್ಚಿಗೆ ಅಣಿಗೊಳಿಸುತ್ತಿದ್ದ ಹಳಕಟ್ಟಿಯವರಿಗೆ, ಅಚ್ಚುಮೊಳೆ ಜೋಡಿಸುವುದಕ್ಕಿಂತ ಮೊದಲು ನಡೆಯಬೇಕಾದ ಕೆಲಸವೇ ದೊಡ್ಡದೆಂಬುದು ತಿಳಿದಿತ್ತು.

1990ರ ದಶಕದವರೆಗೂ ಈ ತಾಲ್ಲೂಕುಗಳ ಸುದ್ದಿ ಹೊರಜಗತ್ತಿಗೆ ಹೋಗುತ್ತಿದ್ದ ಬಗೆ ಹೀಗಿತ್ತು. ತಾಲ್ಲೂಕು ವರದಿಗಾರನೆಂಬವನು ಬಹುಮಟ್ಟಿಗೆ ಬೇರೆ ವೃತ್ತಿಯಿಂದ ಹೊಟ್ಟೆ ಹೊರೆಯುವವನು: ಶಾಲೆಯ ಮಾಸ್ತರ, ವಕೀಲ, ಪುಸ್ತಕದಂಗಡಿಯವ, ಇಲ್ಲವೇ ಪತ್ರಿಕೆಯ ಏಜೆಂಟ. ಅವನು ಕೈಬರಹದಲ್ಲಿ ಬರೆದ ಸುದ್ದಿಯ ಲಕೋಟೆಯು ಅಂಚೆಯಲ್ಲೋ ಬಸ್ಸಿನಲ್ಲೋ ಹುಬ್ಬಳ್ಳಿಯತ್ತ ಹೊರಡುತ್ತಿತ್ತು. ಅಲ್ಲಿ ಸುದ್ದಿಮೇಜಿನಲ್ಲಿ ಕುಳಿತ ಉಪಸಂಪಾದಕನಿಗೆ ಈ ಊರಿನ ಯಾವ ಗುಂಪಿನ ಹಂಗೂ ಇರಲಿಲ್ಲ. ದೂರು ದಾಖಲಾಗಿದೆಯೇ, ಎದುರು ಪಕ್ಷದವರನ್ನು ಕೇಳಿದೆಯಾ, ಸತ್ತವನ ಹೆಸರು ಆಸ್ಪತ್ರೆಯಿಂದ ತಿಳಿದದ್ದೋ ಸಂತೆಯಲ್ಲಿ ಕೇಳಿದ್ದೋ ಎಂದು ಅವನು ತಿರುಗಿ ಕೇಳುತ್ತಿದ್ದ. ಸುದ್ದಿ ಮರುದಿನವೋ ಮೂರನೆಯ ದಿನವೋ ಅಚ್ಚಾಗುತ್ತಿತ್ತು. ಆ ವಿಳಂಬವನ್ನು ಯಾರೂ ಸದ್ಗುಣವೆಂದು ಆರಿಸಿಕೊಂಡಿರಲಿಲ್ಲ. ಬಸ್ಸಿನ ವೇಳಾಪಟ್ಟಿ ಅದನ್ನು ಹೇರಿತ್ತು. ಆದರೂ ಆ ಎರಡು ದಿನಗಳಲ್ಲಿ ಎಷ್ಟೋ ಸುಳ್ಳುಗಳು ತಾವಾಗಿಯೇ ಸತ್ತುಹೋಗುತ್ತಿದ್ದವು.

ಆ ಕಾಲವನ್ನು ಸತ್ಯಯುಗವೆಂದು ಹೊಗಳುವುದು ಸಲ್ಲದು. ವರದಿಗಾರನಿಗೆ ಪತ್ರಿಕೆ ಕೊಡುತ್ತಿದ್ದುದು ಕಾಫಿಗೂ ಸಾಲದಷ್ಟು. ಅವನ ನಿಜವಾದ ಆದಾಯ ಜಾಹೀರಾತಿನ ಕಮಿಷನ್ನಿನಿಂದ. ಆದುದರಿಂದ ಹುಟ್ಟುಹಬ್ಬದ ಜಾಹೀರಾತು ಕೊಡುವ ಮುಖಂಡನ ವಿರುದ್ಧ ಅವನ ಲೇಖನಿ ಮೊಂಡಾಗುತ್ತಿತ್ತು. ಹೆದರಿಸಿ ಹಣ ಕೀಳುವುದಕ್ಕೆಂದೇ ಹುಟ್ಟಿದ ಹಾಳೆಗಳೂ ಪ್ರತಿ ಜಿಲ್ಲೆಯಲ್ಲಿ ಇದ್ದವು. 2009ರ ಲೋಕಸಭಾ ಚುನಾವಣೆಯಲ್ಲಿ ದೊಡ್ಡ ಪತ್ರಿಕೆಗಳೇ ಅಭ್ಯರ್ಥಿಗಳಿಂದ ಹಣ ಪಡೆದು ಜಾಹೀರಾತನ್ನು ಸುದ್ದಿಯೆಂದು ಅಚ್ಚು ಹಾಕಿದವೆಂಬ ಆರೋಪವನ್ನು ಭಾರತೀಯ ಪತ್ರಿಕಾ ಮಂಡಳಿಯು ಪರಿಶೀಲಿಸಿ 2010ರಲ್ಲಿ ವರದಿ ಸಿದ್ಧಪಡಿಸಬೇಕಾಯಿತು. ‘ಕಾಸಿಗಾಗಿ ಸುದ್ದಿ’ ಎಂಬ ಮಾತು ಕನ್ನಡದಲ್ಲಿ ಬಳಕೆಗೆ ಬಂದುದು ಆಗಲೇ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂಬುದೊಂದಿದೆ: ಒಳ್ಳೆಯ ವಸ್ತುವಿನಲ್ಲಿ ಅದರಂತೆಯೇ ಕಾಣುವ ಕೀಳು ವಸ್ತುವನ್ನು ಬೆರೆಸಿ ಮಾರುವುದು. ತುಪ್ಪದಲ್ಲಿ ಬೆರೆಸಿದರೂ ಅದೇ ದೋಷ, ಸುದ್ದಿಯಲ್ಲಿ ಬೆರೆಸಿದರೂ ಅದೇ ದೋಷ. ಆದರೆ ಕಲಬೆರಕೆಯ ಅಂಗಡಿ ಯಾವುದೆಂದು ಅಂದು ಗೊತ್ತಿತ್ತು. ಅದಕ್ಕೊಂದು ಫಲಕವಿತ್ತು, ಮುದ್ರಕ ಪ್ರಕಾಶಕರ ಹೆಸರಿತ್ತು, ದೂರು ಕೊಡಲು ಒಂದು ವಿಳಾಸವಿತ್ತು.

1995ರ ಆಗಸ್ಟ್ 15ರಂದು ಭಾರತದಲ್ಲಿ ಅಂತರಜಾಲ ಸಾರ್ವಜನಿಕರಿಗೆ ತೆರೆಯಿತು. ಈ ತಾಲ್ಲೂಕುಗಳ ಹಳ್ಳಿಗಳಿಗೆ ಅದು ನಿಜವಾಗಿ ಬಂದುದು 2016ರ ನಂತರ, ಮೊಬೈಲ್ ಡೇಟಾ ಅಗ್ಗವಾದಾಗ. ಅಲ್ಲಿಂದ ಮುಂದೆ ತಾಲ್ಲೂಕು ವರದಿಗಾರನ ಕೆಲಸವೇ ತಲೆಕೆಳಗಾಯಿತು. ಮೊದಲು ಅವನು ಊರಿಗೆ ಸುದ್ದಿ ತಿಳಿಸುತ್ತಿದ್ದ. ಈಗ ಊರು ಅವನಿಗೆ ತಿಳಿಸುತ್ತದೆ. ಅಪಘಾತದ ಚಿತ್ರ ಅವನು ಗಾಡಿ ಹತ್ತುವ ಮೊದಲೇ ಹತ್ತು ಗುಂಪುಗಳಲ್ಲಿ ತಿರುಗಿರುತ್ತದೆ. ಪ್ರಧಾನ ಕಚೇರಿಯಿಂದ ಬರುವ ಮೊದಲ ಪ್ರಶ್ನೆ ‘ಇದು ನಿಜವೇ’ ಎಂಬುದಲ್ಲ, ‘ಅವರಿಗೆ ಸಿಕ್ಕಿದೆ, ನಮಗೇಕೆ ಇನ್ನೂ ಬಂದಿಲ್ಲ’ ಎಂಬುದು. ಅವನು ಅರ್ಧ ದಿನ ಓಡಾಡಿ ಬರೆದದ್ದನ್ನು ಬೇರೊಬ್ಬರು ಕ್ಷಣದಲ್ಲಿ ಎತ್ತಿ ತಮ್ಮ ಹೆಸರಿನಲ್ಲಿ ಹಾಕಿಕೊಳ್ಳುತ್ತಾರೆ. ಜಾಹೀರಾತಿನ ಹಣ ಗೂಗಲ್, ಫೇಸ್‌ಬುಕ್‌ನಂಥ ಪರದೇಶದ ಸಂಸ್ಥೆಗಳತ್ತ ಹರಿಯಿತು. 2020ರ ಲಾಕ್‌ಡೌನಿನಲ್ಲಿ ಪತ್ರಿಕೆಗಳು ಪುಟಗಳನ್ನು ಇಳಿಸಿದವು, ಸಿಬ್ಬಂದಿಯನ್ನು ಕಡಿಮೆ ಮಾಡಿದವು. ಹೀಗೆ ಕಡಿಮೆಯಾದವರಲ್ಲಿ ‘ದೂರು ದಾಖಲಾಗಿದೆಯೇ’ ಎಂದು ತಿರುಗಿ ಕೇಳುವವರು ಮೊದಲಿಗರು. ಏಕೆಂದರೆ ಅವರ ಕೆಲಸ ಅಚ್ಚಾದ ಪುಟದಲ್ಲಿ ಕಾಣುವುದಿಲ್ಲ. ಅವರು ತಡೆದ ಸುಳ್ಳನ್ನು ಓದುಗ ಓದಿಯೇ ಇರುವುದಿಲ್ಲ.

ಇಲ್ಲಿ ಕಳೆದುಹೋದುದು ಏನೆಂಬುದನ್ನು ಹೆಸರಿಟ್ಟು ಹೇಳಲು ಜೈನ ಜ್ಞಾನಮೀಮಾಂಸೆಯಲ್ಲಿ ಒಂದು ಮಾತಿದೆ. ಮತಿಜ್ಞಾನವು ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ: ಅವಗ್ರಹ, ಈಹೆ, ಅವಾಯ, ಧಾರಣೆ. ದೂರದಲ್ಲಿ ಬೆಳ್ಳಗೆ ಏನೋ ಕಂಡಿತು ಎಂಬುದು ಅವಗ್ರಹ. ಅದು ಕೊಕ್ಕರೆಯೋ ಬಾವುಟವೋ ಎಂದು ತಿಳಿಯಲೆಳಸುವುದು ಈಹೆ. ರೆಕ್ಕೆ ಬಡಿಯುತ್ತಿದೆ, ಮೇಲೇರುತ್ತಿದೆ, ಆದುದರಿಂದ ಕೊಕ್ಕರೆಯೇ ಎಂಬ ನಿಶ್ಚಯ ಅವಾಯ. ಆ ನಿಶ್ಚಯ ನೆನಪಿನಲ್ಲಿ ನಿಲ್ಲುವುದು ಧಾರಣೆ. ಕೊಕ್ಕರೆ ಬಾವುಟಗಳ ಈ ದೃಷ್ಟಾಂತವನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಬಳಸಿದ್ದಾರೆ. ಈ ನಾಲ್ಕರಲ್ಲಿ ಶ್ರಮ ಬೇಡುವುದು ಈಹೆ ಒಂದೇ. ಕಾಣುವುದಕ್ಕೆ ಕಣ್ಣಿದ್ದರೆ ಸಾಕು. ನೆನಪಿನಲ್ಲಿ ಉಳಿಯುವುದು ತಾನಾಗಿ ಉಳಿಯುತ್ತದೆ. ಈಹೆಗೆ ಮಾತ್ರ ನಿಲ್ಲಬೇಕು, ಸಂದೇಹಪಡಬೇಕು, ಕೇಳಬೇಕು. ಪತ್ರಿಕಾವೃತ್ತಿಯ ಸಾರವೆಲ್ಲ ಈಹೆಯಲ್ಲಿದೆ. ವೃತ್ತಿನಿರತ ವರದಿಗಾರನೆಂದರೆ ಸಮಾಜವು ತನ್ನ ಪರವಾಗಿ ಈಹೆಯ ಕೆಲಸಕ್ಕೆ ಸಂಬಳ ಕೊಟ್ಟು ಇಟ್ಟುಕೊಂಡ ಮನುಷ್ಯ. ಅಂಗೈಯಲ್ಲಿರುವ ಯಂತ್ರವಾದರೋ ಅವಗ್ರಹದಿಂದ ನೇರವಾಗಿ ಧಾರಣೆಗೆ ಜಿಗಿಸುತ್ತದೆ. ಕಂಡದ್ದೇ ತಡ, ನಿಶ್ಚಯವಿಲ್ಲದೆಯೇ ನಂಬಿಕೆಯಾಗಿ ನೂರು ಮನಸ್ಸುಗಳಲ್ಲಿ ನಿಂತುಬಿಡುತ್ತದೆ.

ಈಹೆಯಿಲ್ಲದ ಸುದ್ದಿ ಎಲ್ಲಿಗೆ ಒಯ್ಯಬಲ್ಲದೆಂಬುದನ್ನು 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕು ತೋರಿಸಿಕೊಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಆ ವರ್ಷ ದೇಶದ ಅನೇಕ ಕಡೆ ವಾಟ್ಸ್‌ಆ್ಯಪ್ ಮೂಲಕ ಹಬ್ಬಿತ್ತು. ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಕೂಲಿಯೊಬ್ಬ ಅದಕ್ಕೆ ಬಲಿಯಾಗಿದ್ದ. ಹೈದರಾಬಾದಿನ ಕೆಲವು ತರುಣರು, ಜೊತೆಗೆ ಕತಾರ್ ದೇಶದ ಒಬ್ಬ ಸ್ನೇಹಿತ, ಪರಿಚಿತರ ಊರಾದ ಹಂದಿಕೇರಾದ ಕಡೆಗೆ ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಸಂಶಯಪಟ್ಟ ಜನ ಸುತ್ತುವರಿದರು. ತರುಣರು ಕಾರು ಹತ್ತಿ ಹೊರಟರು. ಆದರೆ ಅವರ ದೃಶ್ಯವು ಕಾರಿಗಿಂತ ಮೊದಲೇ ಮುಂದಿನ ಹಳ್ಳಿಯಾದ ಮುರ್ಕಿಯನ್ನು ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡಗಟ್ಟಿದರು. ಒಬ್ಬ ಇಂಜಿನಿಯರ್ ಪ್ರಾಣಬಿಟ್ಟ. ಉಳಿದವರು ತೀವ್ರವಾಗಿ ಗಾಯಗೊಂಡರು. ಬಿಡಿಸಲು ಹೋದ ಪೊಲೀಸರೂ ಪೆಟ್ಟು ತಿಂದರು. ಬಂಧಿತರಲ್ಲಿ ವಾಟ್ಸ್‌ಆ್ಯಪ್ ಗುಂಪಿನ ನಿರ್ವಾಹಕನೂ ಇದ್ದ.

ಕೊಕ್ಕರೆಯೋ ಬಾವುಟವೋ ಎಂದು ಕೇಳಲು ಅಲ್ಲಿ ಎಷ್ಟು ಹೊತ್ತು ಬೇಕಿತ್ತು? ಯಾರ ಮನೆಗೆ ಬಂದಿರಿ ಎಂಬ ಒಂದೇ ಪ್ರಶ್ನೆ, ಒಂದೇ ದೂರವಾಣಿ ಕರೆ. ಮುರ್ಕಿಯ ಜನ ಕ್ರೂರಿಗಳೆಂದು ತೀರ್ಪು ಕೊಡುವುದು ಸುಲಭ. ತಮ್ಮ ಮಕ್ಕಳನ್ನು ಕಾಯುತ್ತಿದ್ದೇವೆಂದು ಅವರು ನಂಬಿದ್ದರೆಂಬುದೇ ಹೆಚ್ಚು ಭಯಂಕರ ಸಂಗತಿ. ಆ ಘಟನೆಗೆ ಮೂರು ದಿನ ಮೊದಲು, ಜುಲೈ 10ರಂದು, ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದ ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟು, ಬಂದ ಸಂದೇಶವನ್ನೆಲ್ಲ ನಂಬಬೇಡಿರಿ, ಪರೀಕ್ಷಿಸಿ ನೋಡಿರಿ ಎಂದು ಜನರನ್ನು ಕೇಳಿಕೊಂಡಿತ್ತು. ಕೋಟ್ಯಂತರ ಜನರ ಅಂಗೈಗೆ ಕ್ಷಣಮಾತ್ರದಲ್ಲಿ ತಲುಪಬಲ್ಲ ಸಂಸ್ಥೆಯು, ತನ್ನ ಮಾತನ್ನು ಜನ ನಂಬಬೇಕೆಂದಾಗ ಅಚ್ಚಿನ ಕಾಗದವನ್ನು ಹುಡುಕಿಕೊಂಡು ಬಂದಿತು! ಅದೇ ತಿಂಗಳು ಅದು ಭಾರತದಲ್ಲಿ ಸಂದೇಶವೊಂದನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡಬಹುದೆಂಬ ಮಿತಿಯನ್ನೂ ತಂದಿತು.

ಬಂದದ್ದನ್ನು ಕಳಿಸಿದೆ, ಬರೆದವನು ಬೇರೆ ಎಂಬ ಸಮಜಾಯಿಷಿ ಮನೆಮನೆಯಲ್ಲಿ ಕೇಳಿಬರುತ್ತದೆ. ನ್ಯಾಯಾಲಯದಲ್ಲಿ ಈ ಮಾತು ಎಷ್ಟು ನಿಲ್ಲುವುದೋ ಹೇಳಲಾಗದು, ಕರ್ಮಸಿದ್ಧಾಂತದಲ್ಲಂತೂ ನಿಲ್ಲುವುದಿಲ್ಲ. ಮನ, ವಚನ, ಕಾಯಗಳಿಂದ ಮಾಡಿದ್ದು, ಮಾಡಿಸಿದ್ದು, ಮಾಡುವವರಿಗೆ ಒಪ್ಪಿಗೆ ಸೂಚಿಸಿದ್ದು, ಅಂದರೆ ಕೃತ, ಕಾರಿತ, ಅನುಮೋದನ, ಮೂರೂ ಆಸ್ರವಕ್ಕೆ ಕಾರಣಗಳೆಂಬುದು ಪ್ರತಿಕ್ರಮಣ ಮಾಡುವ ಪ್ರತಿಯೊಬ್ಬನಿಗೂ ಗೊತ್ತು. ಸುಳ್ಳನ್ನು ಹೆಣೆಯುವುದು ಕೃತ. ಮುಂದಕ್ಕೆ ತಳ್ಳುವುದು ಕಾರಿತ. ಹೆಬ್ಬೆರಳಿನ ಚಿಹ್ನೆ ಒತ್ತುವುದು ಅನುಮೋದನ. ಅನುಮೋದನವನ್ನು ಎಣಿಸಿ ಅಂಕಿಯಲ್ಲಿ ತೋರಿಸುವ ಯಂತ್ರ ಒಂದು ದಿನ ಬರುವುದೆಂದು ಪ್ರಾಚೀನ ಆಚಾರ್ಯರು ಊಹಿಸಿರಲಾರರು. ಸಮಂತಭದ್ರಸ್ವಾಮಿಗಳು ರತ್ನಕರಂಡಕದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಪೈಶುನ್ಯವನ್ನು, ಎಂದರೆ ಇಲ್ಲಿಯ ಮಾತನ್ನು ಅಲ್ಲಿಗೆ ಒಯ್ಯುವುದನ್ನು, ಕೂಟಲೇಖದ ಪಕ್ಕದಲ್ಲಿಯೇ ಇರಿಸಿದ್ದಾರೆ. ಕಳ್ಳಪತ್ರ ಬರೆಯುವವನೂ ಚಾಡಿ ಒಯ್ಯುವವನೂ ಅವರ ಪಟ್ಟಿಯಲ್ಲಿ ನೆರೆಹೊರೆಯವರು. ಈಗ ಕೃತಕ ಬುದ್ಧಿಮತ್ತೆಯಿಂದ ಇಲ್ಲದ ಮಾತನ್ನು ಇದ್ದವರ ದನಿಯಲ್ಲಿಯೇ ಹೇಳಿಸಬಹುದಾಗಿದೆ. ಕೂಟಲೇಖಕ್ಕೆ ಮುಖವೂ ಕಂಠವೂ ಬಂದಂತಾಯಿತು. ಇನ್ನು ಕೇಳುವವನ ಪಾಲು. ಅನರ್ಥದಂಡದ ಭೇದಗಳಲ್ಲಿ ದುಃಶ್ರುತಿಯೂ ಸೇರಿದೆ. ಮನಸ್ಸನ್ನು ಕಲಕುವ ಕೆಟ್ಟ ಮಾತಿಗೆ ಪ್ರಯೋಜನವಿಲ್ಲದೆ ಕಿವಿಗೊಡುವುದೂ ದೋಷ. ಶ್ರಾವಕನೆಂಬ ಹೆಸರಿನ ಅರ್ಥವೇ ಕೇಳುವವನು ಎಂದಿರುವಾಗ, ಏನನ್ನು ಕೇಳಬೇಕೆಂಬ ಪ್ರಶ್ನೆ ಅವನ ಬಾಳಿನ ಹೊರಗಿನದಾಗದು.

ಪೂರ್ಣ ಸುಳ್ಳಿಗಿಂತ ಅರ್ಧಸತ್ಯವು ಹೆಚ್ಚು ಅಪಾಯಕಾರಿ. ಇದಕ್ಕೆ ನಿದರ್ಶನ ಸಿಂದಗಿ ತಾಲ್ಲೂಕಿನ ಯರಗಲ್ಲದವರಾದ ಡಾ. ಎಂ.ಎಂ. ಕಲಬುರ್ಗಿ. ಕವಿರಾಜಮಾರ್ಗ ಪರಿಸರದ ಸಾಹಿತ್ಯವನ್ನು ಕುರಿತು ಸಂಶೋಧನೆ ಮಾಡಿದವರು, ಶಾಸನಗಳನ್ನು ಅಕ್ಷರ ಅಕ್ಷರವಾಗಿ ಓದಿದವರು, ‘ಮಾರ್ಗ’ ಸಂಪುಟಗಳಿಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಜೈನಸಾಹಿತ್ಯದ ಅಭ್ಯಾಸಿಗಳು ಅವರಿಗೆ ಋಣಿಗಳು. ಅವರ ಎಲ್ಲ ನಿರ್ಣಯಗಳನ್ನೂ ಒಪ್ಪದವರೂ ಋಣಿಗಳೇ. 2014ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸಭೆಯೊಂದರಲ್ಲಿ ಅವರು ಯು.ಆರ್. ಅನಂತಮೂರ್ತಿಯವರ ಲೇಖನವೊಂದರಲ್ಲಿ ಬರುವ ಬಾಲ್ಯದ ಪ್ರಸಂಗವನ್ನು ಉಲ್ಲೇಖಿಸಿದರು. ಯಾರ ಮಾತು, ಯಾವ ಸಂದರ್ಭದ ಮಾತು ಎಂಬ ತೊಟ್ಟು ಕಳಚಿ, ಆ ಮಾತೊಂದೇ ದೂರದರ್ಶನ ವಾಹಿನಿಗಳಲ್ಲಿಯೂ ಅಂತರಜಾಲದಲ್ಲಿಯೂ ಓಡಾಡಿತು. ಪ್ರತಿಭಟನೆ, ಪೊಲೀಸ್ ದೂರುಗಳಾದವು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿಯೇ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಆ ವಿವಾದಕ್ಕೂ ಕೊಲೆಗೂ ಇರುವ ಸಂಬಂಧವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಇಲ್ಲಿ ಹೇಳಬೇಕಾದುದು ಬೇರೆ. ಒಂದು ವಸ್ತುವನ್ನು ಒಂದು ಕಡೆಯಿಂದ ನೋಡಿ ಹೇಳುವುದು ನಯ, ಅದು ತಪ್ಪಲ್ಲ. ಉಳಿದ ಕಡೆಗಳೇ ಇಲ್ಲವೆಂದು ಸಾಧಿಸಿದಾಗ ಅದು ನಯಾಭಾಸ. ಮೂವತ್ತು ಸೆಕೆಂಡುಗಳ ತುಣುಕು ಹುಟ್ಟುವುದೇ ನಯಾಭಾಸವಾಗಿ. ಮೊದಲು ಏನು ನಡೆಯಿತು, ಆಮೇಲೆ ಏನಾಯಿತು ಎಂಬುದನ್ನು ಕತ್ತರಿಸಿ ಎಸೆದ ಮೇಲೆಯೇ ಅದು ತುಣುಕಾಗುತ್ತದೆ. ಒಂದು ಶಾಸನದ ಅರ್ಥವನ್ನು ಒಂದು ಸಾಲಿನಿಂದ ನಿರ್ಣಯಿಸಬಾರದೆಂದು ಜೀವನವಿಡೀ ಬೋಧಿಸಿದ ವಿದ್ವಾಂಸರನ್ನು ನಾಡು ಒಂದು ಸಾಲಿನಿಂದ ನಿರ್ಣಯಿಸಿತು. ಈ ಪ್ರಕರಣದಲ್ಲಿ ವೃತ್ತಿನಿರತ ಮಾಧ್ಯಮವೂ ಅಂತರಜಾಲದ ವೇಗವನ್ನೇ ಅನುಕರಿಸಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಮೇಲಿನ ಉದಾಹರಣೆಗಳು ಅನ್ಯರವು. ಅವುಗಳ ಬಗ್ಗೆ ಸಮಚಿತ್ತದಿಂದ ಮಾತನಾಡುವುದು ಕಷ್ಟವಲ್ಲ. 2023ರ ಜುಲೈ ತಿಂಗಳಿನ ಮೊದಲ ವಾರದಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ನಂದಿಪರ್ವತ ಆಶ್ರಮದಿಂದ ಆಚಾರ್ಯ ಶ್ರೀ ಕಾಮಕುಮಾರನಂದಿ ಮಹಾರಾಜರು ಕಾಣೆಯಾದರು. ಇಬ್ಬರ ಬಂಧನವಾಯಿತು. ಜುಲೈ 8ರಂದು ರಾಯಬಾಗ ತಾಲ್ಲೂಕಿನ ಖಟಕಬಾವಿಯ ಪಾಳುಬಿದ್ದ ಕೊಳವೆಬಾವಿಯಲ್ಲಿ ಅವರ ದೇಹದ ಭಾಗಗಳು ದೊರೆತವು. ಒಂದು ಇರುವೆಗೂ ನೋವಾಗದಂತೆ ಪಿಂಛಿಯಿಂದ ನೆಲ ಸವರಿ ಹೆಜ್ಜೆಯಿಡುವ ಮುನಿಗೆ ಬಂದ ಆ ಗತಿಯನ್ನು ಕೇಳಿ ಸಮಾಜ ಕಣ್ಣೀರಿಟ್ಟಿತು. ಊರೂರುಗಳಲ್ಲಿ ಶ್ರಾವಕ ಶ್ರಾವಿಕೆಯರು ಮೌನ ಮೆರವಣಿಗೆ ನಡೆಸಿದರು. ಅದು ಉಚಿತವಾಗಿತ್ತು. ಆದರೆ ಮೌನ ಮೆರವಣಿಗೆಯಲ್ಲಿ ನಡೆದವರ ಜೇಬಿನಲ್ಲಿ ಮೊಬೈಲುಗಳು ಮೌನವಾಗಿರಲಿಲ್ಲ. ಆರೋಪಿಗಳು ಯಾರು, ಯಾವ ಮತದವರು, ಹಿಂದೆ ಯಾರ ಕೈವಾಡವಿದೆ ಎಂಬ ಊಹೆಗಳು ತನಿಖೆಗಿಂತ ಮುಂದೆ ಓಡಿದವು. ವಾಹಿನಿಗಳು ದೇಹದ ಸ್ಥಿತಿಯನ್ನು ಮತ್ತೆ ಮತ್ತೆ ವರ್ಣಿಸಿದವು. ಹಣದ ವ್ಯವಹಾರವೇ ಮೇಲ್ನೋಟಕ್ಕೆ ಕಾರಣವೆಂದು ಪೊಲೀಸರು ಹೇಳಿದ್ದನ್ನು ಸ್ಥಳೀಯ ವರದಿಗಾರರು ಬರೆಯಬೇಕಾಯಿತು. ಮುಂದೆ ಸರ್ಕಾರವು ತನಿಖೆಯನ್ನು ಸಿಐಡಿಗೆ ಒಪ್ಪಿಸಿತು.

ಆ ದಿನಗಳಲ್ಲಿ ಒಬ್ಬ ಶ್ರಾವಕನ ಮುಂದೆ ಎರಡು ಬಗೆಯ ಮಾತುಗಳಿದ್ದವು. ಒಂದು ಊಹೆ, ಅದು ಕೋಪಕ್ಕೆ ಹಿತ. ಇನ್ನೊಂದು ಪೊಲೀಸರ ಹೇಳಿಕೆ, ಅದು 'ನಿಷ್ಪರಿಗ್ರಹಿಯಾದ ಮುನಿಯ ಸುತ್ತ ಹಣದ ವ್ಯವಹಾರ ಹೇಗೆ ಬಂದಿತು, ಗೃಹಸ್ಥರು ಅದನ್ನು ಹೇಗೆ ಬರಗೊಟ್ಟರು' ಎಂದು ಸಮಾಜವನ್ನೇ ತಿರುಗಿ ಕೇಳುವಂಥದು. ಎರಡನೆಯದೂ ಅಂತಿಮ ಸತ್ಯವಲ್ಲ. ಆದರೆ ಅದಕ್ಕೊಂದು ಆಧಾರವಿತ್ತು, ಹೇಳಿದವರ ಹೆಸರಿತ್ತು. ತನ್ನ ಗಾಯದ ಮೇಲೆಯೇ ಈ ಪರೀಕ್ಷೆ ಬಂದಾಗ ಯಾವ ಮಾತನ್ನು ಮುಂದೆ ಕಳಿಸಿದೆನೆಂಬುದನ್ನು ಪ್ರತಿಯೊಬ್ಬರೂ ತಮ್ಮ ಮೊಬೈಲನ್ನು ತೆರೆದು ನೋಡಿಕೊಳ್ಳಬಹುದು. ಹಿಂಸೆಯ ಲಕ್ಷಣದಲ್ಲಿಯೂ ಅನೃತದ ಲಕ್ಷಣದಲ್ಲಿಯೂ ಆಚಾರ್ಯರು ಪ್ರಮಾದವನ್ನು ಮೂಲವಾಗಿ ಹಿಡಿದಿದ್ದಾರೆ. ಕೆಟ್ಟ ಉದ್ದೇಶವಿರಲಿಲ್ಲವೆಂಬುದು ಪ್ರಮಾದಕ್ಕೆ ಉತ್ತರವಲ್ಲ, ದುಃಖದಲ್ಲಿದ್ದೆನೆಂಬುದೂ ಅಲ್ಲ. ಮುನಿಹತ್ಯೆಯ ಸುದ್ದಿಯನ್ನು ಅಳೆದು ತೂಗಿ ಬರೆದ ವರದಿಗಾರನು, ತಾನು ಜೈನನಲ್ಲದಿದ್ದರೂ, ಭಾಷಾಸಮಿತಿಗೆ ಆ ಹೊತ್ತಿನಲ್ಲಿ ಹೆಚ್ಚು ಹತ್ತಿರವಿದ್ದ.

ಇಷ್ಟರಿಂದ ಅಂತರಜಾಲವು ಕೇಡಿನ ಉಪಕರಣವೆಂದು ತೀರ್ಮಾನಿಸುವುದೂ ಒಂದು ನಯಾಭಾಸವೇ ಆದೀತು. ಭೀಮಾ ನದಿಯ ದಂಡೆಯಲ್ಲಿರುವ ಇಂಡಿ, ಸಿಂದಗಿ ತಾಲ್ಲೂಕುಗಳ ಹಳ್ಳಿಗಳಿಗೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಎಷ್ಟು ನೀರು ಬಿಟ್ಟರೆಂಬುದು ಪ್ರಾಣದ ಪ್ರಶ್ನೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ, 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ, ಮರುದಿನದ ಪತ್ರಿಕೆಯನ್ನು ಕಾಯುತ್ತ ಕೂರುವಂತಿರಲಿಲ್ಲ. ಆಲಮಟ್ಟಿಯ ಹೊರಹರಿವಿನ ಅಂಕಿ ಮುದ್ದೇಬಿಹಾಳ ತಾಲ್ಲೂಕಿನ ನದಿತೀರದ ರೈತನಿಗೆ ಗಂಟೆ ಗಂಟೆಗೂ ಬೇಕು. ಇಂಡಿಯ ಲಿಂಬೆ ಬೆಳೆಗಾರನಿಗೆ ದೂರದ ಪೇಟೆಯ ಧಾರಣೆ ಬೆಳಿಗ್ಗೆಯೇ ತಿಳಿದರೆ ಅಡತಿಯವನೊಡನೆ ಮಾತನಾಡುವ ಧೈರ್ಯ ಬರುತ್ತದೆ. ವ್ಯಾಪಾರಿಗಳಿಗೆ ಇದು ಇಷ್ಟವಾಗದಿರಬಹುದು, ನ್ಯಾಯವಂತೂ ಹೌದು. ಪತ್ರಿಕೆಯ ಜಿಲ್ಲಾಪುಟದಲ್ಲಿ ಎಂದೂ ಎಡೆ ಸಿಗದ ಕೇರಿಯ ಕುಡಿಯುವ ನೀರಿನ ಗೋಳನ್ನು ಒಬ್ಬ ಹುಡುಗ ಮೊಬೈಲಿನಲ್ಲಿ ಹಿಡಿದು ಅಧಿಕಾರಿಗಳ ಕಣ್ಣಿಗೆ ತೋರಿಸಿದ್ದೂ ಉಂಟು. ಆದರೆ ಗಮನಿಸಬೇಕಾದುದು ಇದು: ಹೊರಹರಿವಿನ ಅಂಕಿಯನ್ನು ಅಣೆಕಟ್ಟಿನ ಮೇಲೆ ಒಬ್ಬ ನೌಕರ ಅಳೆದಿರುತ್ತಾನೆ, ಧಾರಣೆಯನ್ನು ಮಾರುಕಟ್ಟೆ ಸಮಿತಿಯಲ್ಲಿ ಒಬ್ಬ ಗುಮಾಸ್ತ ಬರೆದಿರುತ್ತಾನೆ. ವೇಗವು ಉಪಕಾರಿಯಾದ ಕಡೆಯಲ್ಲೆಲ್ಲ ಸೋಸುವ ಕೆಲಸವನ್ನು ಯಾರೋ ಮೊದಲೇ ಸಂಬಳಕ್ಕೆ ಮಾಡಿಟ್ಟಿದ್ದಾರೆ.

ಕಾನೂನಿನಿಂದ ಇದನ್ನು ಸರಿಪಡಿಸುವ ಯತ್ನಗಳು ನಡೆದಿವೆ. ಕೇಂದ್ರ ಸರ್ಕಾರವು 2021ರಲ್ಲಿ ಡಿಜಿಟಲ್ ಮಾಧ್ಯಮಕ್ಕೆ ನೀತಿನಿಯಮಗಳನ್ನು ಹೊರಡಿಸಿತು. ಕರ್ನಾಟಕ ಸರ್ಕಾರ 2025ರಲ್ಲಿ ಸುಳ್ಳುಸುದ್ದಿಗೆ ಜೈಲುಶಿಕ್ಷೆ ವಿಧಿಸುವ ಕರಡು ಮಸೂದೆಯನ್ನು ಸಿದ್ಧಪಡಿಸಿದಾಗ, ಯಾವುದು ಸುಳ್ಳೆಂದು ಸರ್ಕಾರವೇ ನಿರ್ಣಯಿಸಿದರೆ ನಿಜ ಬರೆಯುವವನ ಗತಿಯೇನೆಂಬ ಆಕ್ಷೇಪ ಎದ್ದಿತು. ಆಕ್ಷೇಪದಲ್ಲಿ ತಥ್ಯವಿದೆ. ದಂಡದ ಭಯದಿಂದ ನಿಂತ ಮಾತು ಸತ್ಯವ್ರತವಾಗುವುದಿಲ್ಲ.

ಆದುದರಿಂದ ಮತ್ತೆ ಖರ್ಚಿನ ಪ್ರಶ್ನೆಗೇ ಬರಬೇಕು. ಲೆಕ್ಕಪತ್ರ ಬಲ್ಲವರಿಗೆ ಒಂದು ಸಂಗತಿ ಗೊತ್ತು: ಖರ್ಚನ್ನು ಬರೆಯದೆ ಬಿಟ್ಟರೆ ಅದು ಇಲ್ಲವಾಗುವುದಿಲ್ಲ, ಬೇರೆ ಯಾರದೋ ಖಾತೆಗೆ ಸೇರುತ್ತದೆ. ಈಹೆಯ ಖರ್ಚನ್ನು ಓದುಗ ಕೊಡಲಿಲ್ಲ, ಜಾಹೀರಾತುದಾರ ಕೊಡಲಿಲ್ಲ, ಪತ್ರಿಕೆ ಉಳಿಸಿಕೊಂಡಿತು. ಅದನ್ನು ಮುರ್ಕಿಯಲ್ಲಿ ಒಬ್ಬ ತರುಣ ತನ್ನ ಪ್ರಾಣದಿಂದ ತೆತ್ತ. ಬಸದಿಗಳ ಟ್ರಸ್ಟುಗಳು ಪಂಚಕಲ್ಯಾಣ, ಮಸ್ತಕಾಭಿಷೇಕ, ಚಾತುರ್ಮಾಸಗಳ ಸಂದರ್ಭದಲ್ಲಿ ಪತ್ರಿಕೆಗಳಿಗೆ ದೊಡ್ಡ ಜಾಹೀರಾತುಗಳನ್ನು ಕೊಡುತ್ತವೆ. ಹೆಚ್ಚಿನ ವೇಳೆ ಅದರ ಜೊತೆಗೆ ಒಂದು ಮಾತೂ ಹೋಗುತ್ತದೆ: ಇಂಥ ಸುದ್ದಿ ಬರಲಿ, ಇಂಥದು ಬೇಡ. ಬಸದಿಯ ಜಮೀನಿನ ವ್ಯಾಜ್ಯವೋ ಟ್ರಸ್ಟಿನ ಲೆಕ್ಕದ ತಕರಾರೋ ವರದಿಯಾಗದಿರಲೆಂದು ಜಾಹೀರಾತಿನ ಭಾರ ಹಾಕುವುದು, ತಾಲ್ಲೂಕು ವರದಿಗಾರನ ಈಹೆಯನ್ನು ಹಣ ಕೊಟ್ಟು ಕೊಲ್ಲುವುದಕ್ಕೆ ಸಮ. ಅದೇ ಟ್ರಸ್ಟು ಮರುದಿನ ಅಂತರಜಾಲದಲ್ಲಿ ತನ್ನ ಮೇಲೆ ಬಂದ ಸುಳ್ಳು ಆರೋಪದ ವಿರುದ್ಧ ನಂಬಲರ್ಹವಾದ ಒಂದು ಪತ್ರಿಕೆಯನ್ನು ಹುಡುಕುತ್ತದೆ. ಆಗ ಊರಿನಲ್ಲಿ ಅಂಥದು ಉಳಿದಿರುವುದಿಲ್ಲ. ತಿಂಗಳ ಮೊಬೈಲ್ ರೀಚಾರ್ಜಿಗೆ ಮನೆಯ ಪ್ರತಿಯೊಬ್ಬರಿಗೂ ನೂರಾರು ರೂಪಾಯಿ ತೆರುವ ಕುಟುಂಬವು ಪತ್ರಿಕೆಯ ಬಿಲ್ಲನ್ನು ದುಂದುವೆಚ್ಚವೆಂದು ನಿಲ್ಲಿಸುವುದೂ ಇದೇ ಬಗೆಯ ಲೆಕ್ಕ. ಶಾಸ್ತ್ರದಾನಕ್ಕೆ ಕೈಬಿಚ್ಚಿ ಕೊಡುವ ಸಮಾಜವು, ಪರೀಕ್ಷಿತ ಸುದ್ದಿಗೆ ಕೊಡುವ ಹಣವೂ ಜ್ಞಾನದಾನದ ಅಂಗಳದಲ್ಲಿಯೇ ಬರುವುದಲ್ಲವೇ ಎಂದು ವಿಚಾರಿಸಬೇಕು.

ಇನ್ನು ಉಳಿದದ್ದು ಸೋಸಿದ ಬಟ್ಟೆಯ ಮಾತು. 2022ರ ಡಿಸೆಂಬರ್ ಕೊನೆಯಲ್ಲಿ ವಿಜಯಪುರ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು ಅಸ್ವಸ್ಥರಾಗಿದ್ದಾಗ ಅವರ ಸ್ಥಿತಿಯ ಬಗ್ಗೆ ವದಂತಿಗಳು ಹಬ್ಬಿ, ಅವುಗಳಿಗೆ ಕಿವಿಗೊಡಬೇಡಿರೆಂದು ಆಶ್ರಮದವರೇ ಕೇಳಿಕೊಳ್ಳಬೇಕಾಯಿತು. ಸ್ವಾಮಿಗಳು ದೇಹಬಿಟ್ಟದ್ದು 2023ರ ಜನವರಿ 2ರ ಸಂಜೆ. ಅದಕ್ಕೆ ಮೊದಲೇ ಶ್ರದ್ಧಾಂಜಲಿ ಕಳಿಸಿದವರು ಭಕ್ತಿಯಿಂದಲೇ ಕಳಿಸಿದ್ದರು. ತಪ್ಪೆಂದು ತಿಳಿದ ಮೇಲೆ ಇಂಥವರು ಮಾಡುವುದೇನೆಂದರೆ ಸದ್ದಿಲ್ಲದೆ ಅಳಿಸಿಬಿಡುವುದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದನ್ನು ಎಲ್ಲರಿಂದ ಅಳಿಸಲು ಸುಮಾರು ಎರಡೂವರೆ ದಿನಗಳ ಅವಧಿಯಿದೆ. ಅಷ್ಟರಲ್ಲಿ ಇತರರು ಮುಂದೂಡಿದ ಪ್ರತಿಗಳನ್ನು ಆ ಅಳಿಸುವಿಕೆ ಮುಟ್ಟುವುದಿಲ್ಲ. ಪತ್ರಿಕೆಯು ಒಳಪುಟದ ಮೂಲೆಯಲ್ಲಾದರೂ ‘ತಿದ್ದುಪಡಿ’ ಎಂದು ಅಚ್ಚು ಹಾಕಿ, ಇಂಥ ದಿನದ ಇಂಥ ಸುದ್ದಿ ತಪ್ಪಾಗಿತ್ತು ಎಂದು ಹೇಳುತ್ತದೆ. ತಪ್ಪು ಹೋದ ಮನೆಗಳಿಗೇ ತಿದ್ದುಪಡಿಯೂ ಹೋಗುತ್ತದೆ. ಬಟ್ಟೆಯಲ್ಲಿ ಉಳಿದದ್ದನ್ನು ಬೀದಿಗೆ ಕೊಡವದೆ ಅದೇ ಬಾವಿಗೆ ಬಿಡಬೇಕೆಂದು ಹಿರಿಯರು ಹೇಳಿದ ಹಾಗೆ, ಯಾವ ಗುಂಪಿಗೆ ತಪ್ಪು ಮಾತನ್ನು ಹಾಕಿತ್ತೋ ಅದೇ ಗುಂಪಿನಲ್ಲಿ, ಕಳಿಸಿದವರ ಹೆಸರಿನಲ್ಲಿಯೇ, ಅದು ತಪ್ಪಾಗಿತ್ತೆಂದು ಬರೆಯುವ ಪದ್ಧತಿಯನ್ನು ಬಸದಿಯ ಗುಂಪುಗಳನ್ನು ನಡೆಸುವ ಕಾರ್ಯದರ್ಶಿಗಳು ಈ ಚಾತುರ್ಮಾಸದಿಂದಲೇ ಆರಂಭಿಸಬಹುದು. ಅದಕ್ಕೆ ಟ್ರಸ್ಟಿನ ಠರಾವೂ ಬೇಕಿಲ್ಲ, ಹಣವೂ ಬೇಕಿಲ್ಲ.